ತಡವಾಗಿ ಉದುರುವ ಎಸಳು

ನಮ್ಮ ಯಜಮಾನರು ಅಮಲದಾಸರಿಗೆ ಬಣ್ಣದ ಮೇಲೆ ನಂಬಿಕೆಯೇ ಇರಲಿಲ್ಲ. ಬಣ್ಣ ಹಚ್ಚುವವಳನ್ನೇ ಕಟ್ಟಿಕೊಂಡಿದ್ದರು, ಅದು ಬೇರೆ ಮಾತು. ಲಷ್ಕರ್ ಮೊಹಲ್ಲಾದಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಮುಂದಿನ ಕೋಣೆಯಲ್ಲಿ ಅವರು ಜನರನ್ನು ಕೂರಿಸಿ ಚಿತ್ರ ತೆಗೆಯುತ್ತಿದ್ದರು, ಹಿಂದಿನ ಜಗಲಿಯಲ್ಲಿ ನಾನು ಆ ಚಿತ್ರಗಳಿಗೆ ಕುಂಚ ಹಿಡಿದು ಬಣ್ಣ ಕೊಡುತ್ತಿದ್ದೆ. ಮದುಮಗನ ಪೇಟಕ್ಕೆ ಜರಿ, ಮದುಮಗಳ ಸೀರೆಗೆ ಅಂಚು, ಸಿಡುಬಿನ ಕಲೆಯಿದ್ದ ಕೆನ್ನೆಗೆ ಒಂದಿಷ್ಟು ನಯ. ಅದನ್ನು ಕಂಡರೆ ಅವರು ಮೂಗು ಮುರಿಯುತ್ತಿದ್ದರು.

"ಗಾಜು ಸುಳ್ಳು ಹೇಳಲ್ಲ ಕಣೇ ಇನ್ನಾಸಮ್ಮ. ಸುಳ್ಳು ಹೇಳೋದು ನಿನ್ನ ಕುಂಚ."

"ಹೌದೌದು. ನಿಮ್ಮ ಗಾಜಿನ ನಿಜ ನೋಡಿ ಆ ಸಿಡುಬಿನ ಕಲೆಯ ಹುಡುಗಿ ಅತ್ತಳು. ನನ್ನ ಸುಳ್ಳು ನೋಡಿ ನಕ್ಕಳು. ಪುಣ್ಯ ಯಾರಿಗೆ ಬಂತು, ನೀವೇ ಹೇಳಿ."

ಇಷ್ಟು ಹೇಳಿದ ಮೇಲೂ ನನಗೆ ಒಳಗೊಳಗೇ ಅಳುಕು. ಒಂದು ಶನಿವಾರ ಚರ್ಚಿಗೆ ಪಾಪನಿವೇದನೆಗೆ ಹೋದಾಗ ಸ್ವಾಮಿಗಳಿಗೆ ಇದನ್ನೂ ಹೇಳಿಬಿಟ್ಟೆ. ಎಷ್ಟು ಜನರ ಕಲೆ ಅಳಿಸಿದ್ದೀರಿ ಎಂದು ಅವರು ಕೇಳಿದರು. ಲೆಕ್ಕವಿಟ್ಟಿಲ್ಲ ಸ್ವಾಮಿ ಎಂದೆ. ಪರದೆಯ ಆಚೆಗೆ ಅವರು ನಕ್ಕ ಹಾಗೆ ಕೇಳಿಸಿತು. ಆ ನಗುವನ್ನೇ ಪಾಪಕ್ಷಮೆ ಎಂದುಕೊಂಡು ಮನೆಗೆ ಬಂದೆ.

ಕೊನೆಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದೆವು. ಕಾಗದ ನನ್ನದು, ಗಾಜು ಅವರದು. ಕಾಗದದ ಮೇಲೆ ಅಚ್ಚಾದ ಚಿತ್ರಕ್ಕೆ ನಾನು ಏನು ಬೇಕಾದರೂ ಮಾಡಬಹುದು. ಆದರೆ ಚಿತ್ರ ಮೊದಲು ಮೂಡುವ ಗಾಜಿನ ಪ್ಲೇಟಿಗೆ ನನ್ನ ಕುಂಚದ ತುದಿಯೂ ಸೋಕುವಂತಿರಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರ ಈ ಒಂದು ಗೆರೆಯ ಆಚೀಚೆ ನಡೆಯಿತು.

ಅವರ ಕೆಲಸದ ರೀತಿಯೇ ಒಂದು ಬಗೆ. ಲೆನ್ಸಿನ ಮುಚ್ಚಳ ತೆಗೆದು ಮತ್ತೆ ಹಾಕುವವರೆಗಿನ ಹೊತ್ತನ್ನು ಗಡಿಯಾರ ನೋಡಿ ಎಣಿಸುತ್ತಿರಲಿಲ್ಲ. ಜೇಬಿನಲ್ಲಿ ಜಪಸರ ಇಟ್ಟುಕೊಂಡು, ಮಣಿಗೊಂದರಂತೆ ಮರಿಯಮ್ಮನ ಜಪ ಹೇಳಿಕೊಂಡು ಎಣಿಸುತ್ತಿದ್ದರು. ಬಿಸಿಲಿಗೆ ಅರ್ಧ ಜಪ, ಮೋಡವಿದ್ದರೆ ಒಂದೂವರೆ, ಸಂಜೆಯಾದರೆ ಐದು ಮಣಿ. ಎದುರಿಗೆ ಪೇಟ ಕಟ್ಟಿಕೊಂಡು ಕೂತ ಗೌಡರು ಇದೇನೋ ಮಂತ್ರ ಹಾಕುತ್ತಿದ್ದಾನೆಂದು ಹೆದರಿ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಹಾಗಾಗಿ ನಮ್ಮ ಸ್ಟುಡಿಯೋದ ಚಿತ್ರಗಳಲ್ಲಿ ಯಾರೂ ಕದಲಿದ್ದಿಲ್ಲ. ಸಂಜೆ ಬೆಳಕು ಕಂದುವ ಹೊತ್ತಿಗೆ ಅವರನ್ನು ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಬೀದಿಯನ್ನೇ ನೋಡುತ್ತಿದ್ದರು. ಕಾಫಿ ಆರಿ ತಣ್ಣಗಾಗುತ್ತಿತ್ತು, ನನಗೆ ಬೈದು ಬೈದು ಸಾಕಾಗುತ್ತಿತ್ತು.

ಇಪ್ಪತ್ತಾರನೆಯ ಇಸವಿಯ ದಸರೆಗೆ ಇನ್ನು ಹದಿನೈದು ದಿನವಿದ್ದಾಗ ಚಿಕ್ಕಣ್ಣ ನಮ್ಮ ಮನೆಗೆ ಬಂದ. ಚಿಕ್ಕಣ್ಣ ಬಾಣಬಿರುಸಿನ ಕೆಲಸದವನು. ನಮ್ಮ ಚರ್ಚಿನಲ್ಲಿ ಮರಿಯಮ್ಮನ ಹಬ್ಬಕ್ಕೆ ಬಿಳಿ ಬಾಣ ಹಾರಿಸುತ್ತಿದ್ದವನೂ ಅವನೇ, ದಸರೆಯಲ್ಲಿ ಊರ ಮೈದಾನದಲ್ಲಿ ಮದ್ದು ಸುಡುತ್ತಿದ್ದವನೂ ಅವನೇ. ದಸರೆಗೆಂದೇ ಅವನು ಒಂದು ಕೆಂಪು ಬಾಣ ಕಟ್ಟುತ್ತಿದ್ದ. ಅದನ್ನು ಊರೆಲ್ಲ ದಾಸವಾಳ ಎಂದು ಕರೆಯುತ್ತಿತ್ತು. ಎಲ್ಲ ಮುಗಿದ ಮೇಲೆ ಕೊನೆಗೆ ಒಂದೇ ಒಂದು ದಾಸವಾಳ ಆಕಾಶಕ್ಕೆ ಏರಿ ಅರಳುತ್ತಿತ್ತು, ಜನ ಹೋ ಎಂದು ಕೂಗಿ ಮನೆಗೆ ಹೊರಡುತ್ತಿದ್ದರು.

ಅವನು ಜಗಲಿಯ ತುದಿಯಲ್ಲಿ ಕೂತು ಟವೆಲ್ ತುದಿ ಹಿಂಡುತ್ತ ಹೇಳಿದ: "ಅಮಲದಾಸಪ್ಪೋರೇ, ಒಂದು ಕೇಳ್ತೀನಿ, ನಗಬ್ಯಾಡಿ. ಬೆಂಕಿ ಚಿತ್ರ ತೆಗಿಯಕ್ಕಾಯ್ತದಾ?"

"ಯಾವ ಬೆಂಕಿ ಚಿಕ್ಕಣ್ಣ?"

"ನಂದೇಯ. ದಾಸವಾಳದ್ದು. ನಮ್ಮ ಬೋರಮ್ಮಂಗೆ ತೋರ್ಸಕ್ಕೆ."

ನನಗೆ ನಗು ಬಂತು. "ಅಲ್ಲಪ್ಪಾ, ಊರೋರೆಲ್ಲ ನೋಡೋದನ್ನ ಮನೇಲಿರೋ ಹೆಂಡ್ತಿಗೆ ಚಿತ್ರ ಮಾಡಿ ತೋರಿಸ್ಬೇಕಾ? ಕೈ ಹಿಡ್ಕೊಂಡು ಮೈದಾನಕ್ಕೆ ಕರ್ಕೊಂಡು ಹೋಗೋದಪ್ಪ."

ಅವನು ನಗಲಿಲ್ಲ. ಅವರ ಮನೆತನದಲ್ಲಿ ಒಂದು ಕಟ್ಟುಪಾಡಿತ್ತಂತೆ. ಗಂಡಸು ಮದ್ದು ಸುಡುವ ರಾತ್ರಿ ಮನೆಯಲ್ಲಿ ಒಲೆ ಉರಿಯುವಂತಿಲ್ಲ, ದೀಪ ಹಚ್ಚುವಂತಿಲ್ಲ, ಹೆಂಡತಿ ಹೊಸಿಲು ದಾಟುವಂತಿಲ್ಲ. ಒಂದು ರಾತ್ರಿಗೆ ಒಂದೇ ಬೆಂಕಿ. ಮನೆಯ ಬೆಂಕಿ ಕಂಡರೆ ಮದ್ದಿಗೆ ಹೊಟ್ಟೆಕಿಚ್ಚು, ಅದು ಗಂಡನ ಮೇಲೆ ತಿರುಗುತ್ತದೆ ಎಂದು ಅವರ ನಂಬಿಕೆ. ಗಂಡ ಹಿಂದಿರುಗಿ ಬಾಗಿಲು ತಟ್ಟುವವರೆಗೂ ಹೆಂಡತಿ ಕತ್ತಲಲ್ಲಿ ಕೂತಿರಬೇಕು.

"ಮದ್ವೆಯಾಗಿ ಇಪ್ಪತ್ತೈದು ವರ್ಸ ಆಯ್ತು ಕಣಮ್ಮಾರೇ. ನಾನು ಮಾಡೋ ಕೆಲ್ಸ ಅವ್ಳು ಒಂದ್ಸಲಾನೂ ನೋಡಿಲ್ಲ. ಸದ್ದು ಕೇಳವ್ಳೆ, ಅಷ್ಟೇಯ" ಎಂದ. ಆಮೇಲೆ ನಮ್ಮವರ ಕಡೆ ತಿರುಗಿ, "ಬರೀ ಆಕಾಸ ತೆಗುದ್ರೆ ಅವ್ಳು ನಂಬಕ್ಕಿಲ್ಲ. ಆ ಕಲ್ಲೆಂಗ್ಸು ಮುಂದೆ ಇರ್ಲಿ. ಅವ್ಳನ್ನ ಕಂಡ್ರೆ ನಮ್ಮೂರ ಆಕಾಸವೇ ಅಂತ ಗೊತ್ತಾಯ್ತದೆ" ಎಂದ.

ಆ ಕಲ್ಲು ಹೆಂಗಸನ್ನು ನಮಗೆಲ್ಲ ಗೊತ್ತು. ಮೈದಾನದ ಅಂಚಿನ ಸಣ್ಣ ಉದ್ಯಾನದಲ್ಲಿ ಒಂದು ಕಾರಂಜಿ, ಅದರ ದಂಡೆಯ ಮೇಲೆ ಆಳೆತ್ತರದ ಶಿಲ್ಪ. ಸೊಂಟದ ಮೇಲೆ ಕೊಡ ಇಟ್ಟುಕೊಂಡು ಇನ್ನೊಂದು ಕೈಯನ್ನು ಮುಂದಕ್ಕೆ ಚಾಚಿ ನಿಂತಿದ್ದಾಳೆ. ಕೆತ್ತಿದವನು ಆ ಕೈಯಲ್ಲಿ ಏನಿಡಬೇಕೆಂದಿದ್ದನೋ, ಖಾಲಿ ಬಿಟ್ಟುಬಿಟ್ಟಿದ್ದ. ಬೋರಮ್ಮ ಹೂವು ಮಾರಲು ಕೂರುತ್ತಿದ್ದುದು ಆ ಶಿಲ್ಪದ ಬುಡದಲ್ಲಿ. ದಿನವೂ ಬೋಣಿಗೆ ಮೊದಲು ಆ ಕಲ್ಲಿನ ಅಂಗೈಯಲ್ಲಿ ಒಂದು ಹೂವು ಇಡುತ್ತಿದ್ದಳು. ಅವಳಿಗೆ ಕೊಟ್ಟಲ್ಲದೆ ಬೇರೆಯವರಿಗೆ ಕೊಡುತ್ತಿರಲಿಲ್ಲ.

ನಮ್ಮವರು ಆಗಲೇ ಬೇರೆ ಲೋಕಕ್ಕೆ ಹೋಗಿಬಿಟ್ಟಿದ್ದರು. ರಾತ್ರಿ ಆಕಾಶದಲ್ಲಿ ಕ್ಷಣ ಮಾತ್ರ ಇರುವ ಬೆಂಕಿಯನ್ನು ಗಾಜಿನ ಮೇಲೆ ಹಿಡಿಯುವುದು! ಹದಿನೈದು ದಿನ ಊಟದ ನಡುವೆ ಕೈ ನಿಲ್ಲಿಸಿ ಸೂರು ನೋಡುತ್ತಿದ್ದರು. ಒಂದೇ ಪ್ಲೇಟಿನ ಮೇಲೆ ಎರಡು ಸಲ ಬೆಳಕು ಬೀಳಿಸುವುದೆಂದು ಉಪಾಯ ಮಾಡಿದರು. ಸಂಜೆಯ ಕೊನೆಯ ಬೆಳಕಿನಲ್ಲಿ ಕಲ್ಲು ಹೆಂಗಸನ್ನು ತೆಗೆದು ಮುಚ್ಚಳ ಹಾಕುವುದು. ಕ್ಯಾಮರಾ ಕೂದಲೆಳೆಯಷ್ಟೂ ಅಲುಗದಂತೆ ಕತ್ತಲಾಗುವವರೆಗೆ ಕಾವಲು ಕೂರುವುದು. ಆಮೇಲೆ ಅದೇ ಗಾಜಿಗೆ ಬೆಂಕಿಯನ್ನು ಸೇರಿಸುವುದು.

ದಸರೆಯ ದಿನ ನನಗೆ ಚಳಿಜ್ವರ. ಕಂಬಳಿ ಹೊದ್ದು ಮಲಗಿದ್ದೆ. ಅವರು ಕ್ಯಾಮರಾ ಹೊತ್ತು ಹೊರಟವರು ಬಾಗಿಲಲ್ಲಿ ಒಮ್ಮೆ ನಿಂತು ನನ್ನನ್ನು ನೋಡಿ, ಹೋಗಲೋ ಬೇಡವೋ ಎಂಬಂತೆ ಮುಖ ಮಾಡಿದರು. "ಹೋಗ್ರೀ ಸುಮ್ನೆ. ನಾನೇನು ಇವತ್ತೇ ಸಾಯಲ್ಲ" ಎಂದೆ. ರಾತ್ರಿ ಮದ್ದಿನ ಸದ್ದು ದೂರದಿಂದ ಕೇಳಿಸಿತು. ಜ್ವರದ ಮಂಪರಿನಲ್ಲಿ ಅದು ಮಾಡಿನ ಮೇಲೆ ಯಾರೋ ಹತ್ತಿಯ ಮೂಟೆ ಬೀಳಿಸುತ್ತಿದ್ದ ಹಾಗಿತ್ತು. ಕಿಟಕಿಯ ಸಂದಿಯಿಂದ ಗೋಡೆಯ ಮೇಲೆ ಬೆಳಕು ಬಂದು ಬಂದು ಹೋಗುತ್ತಿತ್ತು, ಶಿಲುಬೆಯ ಕೆಳಗಿನ ಗೂಡು ಒಮ್ಮೆ ಕಾಣುವುದು, ಒಮ್ಮೆ ಮಾಯವಾಗುವುದು. ಕತ್ತಲ ಮನೆಯಲ್ಲಿ ಬೋರಮ್ಮನೂ ಹೀಗೆಯೇ ಕೂತಿರುತ್ತಾಳೆ, ಪಾಪ, ಎಂದುಕೊಂಡು ನಿದ್ದೆ ಹೋದೆ.

ಎರಡು ದಿನದ ಮೇಲೆ ನಾನು ಎದ್ದು ಕೂತಾಗ ಅವರು ಪ್ಲೇಟು ತೊಳೆಯಲು ನನ್ನನ್ನೂ ಕತ್ತಲೆಕೋಣೆಗೆ ಕರೆದರು. ಅಷ್ಟು ದಿನ ಕಾದದ್ದು ನನಗಾಗಿಯೇ ಎಂದು ಬಾಯಿಬಿಟ್ಟು ಹೇಳುವವರಲ್ಲ ಅವರು. ಕೆಂಪು ಗಾಜಿನ ದೀಪದ ಕೆಳಗೆ ಟ್ರೇ ಇಟ್ಟು ಮೆಲ್ಲಗೆ ತೂಗತೊಡಗಿದರು. ಔಷಧಿ ನೀರು ದಂಡೆಗೆ ತಾಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಗಾಜಿನ ಮೇಲೆ ಎಲ್ಲಕ್ಕೂ ತಲೆಕೆಳಗು ನಿಯಮ. ಬೆಳಕು ಕಪ್ಪಾಗಿ ಮೂಡುತ್ತದೆ, ಕತ್ತಲು ತಿಳಿಯಾಗಿ ಉಳಿಯುತ್ತದೆ. ಮೊದಲು ಕಲ್ಲು ಹೆಂಗಸು ಎದ್ದು ಬಂದಳು, ನಿದ್ದೆಯಿಂದ ಏಳುವವಳ ಹಾಗೆ ನಿಧಾನವಾಗಿ. ಆಮೇಲೆ ಅವಳ ತಲೆಯ ಮೇಲೆ ಬಿಳಿ ಬಾಣಗಳ ದಾರಿ, ಕೂದಲಿನಂಥ ಕಪ್ಪು ಗೆರೆಗಳಾಗಿ ಒಂದೊಂದೇ.

"ಬಂತು ಕಣೇ" ಎಂದು ಪಿಸುಗುಟ್ಟಿದರು. ಅವರ ದನಿಯಲ್ಲಿ ಅಳುವಿತ್ತು.

ಇನ್ನು ದಾಸವಾಳ ಬರಬೇಕು. ತೂಗಿದರು. ಐದು ಮಣಿ ಆಯಿತು, ಹತ್ತು ಮಣಿ ಆಯಿತು. ಕಲ್ಲು ಹೆಂಗಸಿನ ನೆತ್ತಿಯ ಮೇಲೆ, ಎಲ್ಲಿ ಅರಳಬೇಕಿತ್ತೋ ಅಲ್ಲಿ, ಗಾಜು ತೊಳೆದಿಟ್ಟಷ್ಟು ಖಾಲಿ.

"ಸರಿಯಾಗೇ ತೆಗೆದೆ. ಅರಳಿತು, ಪೂರ್ತಿ ಒಂದು ಜಪ ಬಿಟ್ಟೆ, ಮುಚ್ಚಳ ಹಾಕಿದೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ನಾನು ತಲೆಯೆತ್ತಿ ದೀಪ ನೋಡಿದೆ. "ರೀ, ದಾಸವಾಳ ಯಾವ ಬಣ್ಣದ್ದು?"

ಅವರ ಕೈ ನಿಂತಿತು. ಆ ಪ್ಲೇಟುಗಳಿಗೆ ಕೆಂಪು ಕಾಣುವುದಿಲ್ಲ. ಕಾಣುವುದಿಲ್ಲ ಎಂದೇ ಕತ್ತಲೆಕೋಣೆಯಲ್ಲಿ ಕೆಂಪು ದೀಪ ಇಡುವುದು. ಇಪ್ಪತ್ತು ವರ್ಷ ಆ ದೀಪದಡಿಯಲ್ಲಿ ಕೂತ ಮನುಷ್ಯ, ಹದಿನೈದು ದಿನ ಸೂರು ನೋಡಿ ಯೋಚನೆ ಮಾಡಿದ ಮನುಷ್ಯ, ಅದೊಂದನ್ನು ಮರೆತಿದ್ದರು. ಬಣ್ಣ ಎಂಬುದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದವರಿಗೆ ನೆನಪಾದರೂ ಹೇಗೆ ಆಗಬೇಕು! ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಳ್ಳಲ್ಲ. ನಾನು ಜೋರಾಗಿ ನಕ್ಕುಬಿಟ್ಟೆ. ಅವರು ಗೋಡೆಗೊರಗಿ ನೆಲಕ್ಕೆ ಕುಸಿದರು. ಅವರ ಮುಖ ನೋಡಿ ನಗು ನಿಲ್ಲಿಸಿದೆ.

"ಪಾಪದವನು ಇಪ್ಪತ್ತೈದು ವರ್ಷಕ್ಕೆ ಒಂದು ಕೇಳಿದ. ಚಿತ್ರ ಬಂದಿಲ್ಲ ಅಂತ ಹೇಳಿಬರ್ತೀನಿ" ಎಂದರು.

"ಸ್ವಲ್ಪ ತಡೀರಿ. ಕಾಗದ ನನ್ನದಲ್ವಾ? ಅಚ್ಚು ಹಾಕಿಕೊಡಿ. ದಾಸವಾಳ ನಾನು ಅರಳಿಸ್ತೀನಿ."

"ನೀನು ನೋಡೇ ಇಲ್ವಲ್ಲೇ."

"ಯಾವತ್ತೋ ಒಂದು ವರ್ಷ ಜನರ ತಲೆಗಳ ಮೇಲಿಂದ ನೋಡಿದ್ದೆ. ನೀವು ಮೊನ್ನೆ ನೋಡಿದ್ರಲ್ಲ, ಹೇಳಿ. ಹೇಗಿತ್ತು?"

"ಕೆಂಪಗಿತ್ತು."

"ಕೆಂಪು ಅಂದ್ರೆ ಯಾವ ಕೆಂಪು? ಕುಂಕುಮವೋ, ಕೆಂಡವೋ, ತಾಂಬೂಲವೋ?"

"ಕೆಂಪು ಕಣೇ. ಕೆಂಪಗಿತ್ತು."

ಈ ಗಂಡಸಿನ ಜೊತೆ ನಾನು ಇಪ್ಪತ್ತೆರಡು ವರ್ಷ ಬಾಳಿದ್ದೇನೆ.

ಮರುದಿನ ಬಿಸಿಲಿಗೆ ಅಚ್ಚು ಹಾಕಿದರು. ಕಾಗದದ ಮೇಲೆ ಎಲ್ಲ ನೆಟ್ಟಗಾಯಿತು. ಕಪ್ಪು ಆಕಾಶ, ಬಿಳಿ ಬಾಣ, ಕೈಚಾಚಿದ ಕಲ್ಲು ಹೆಂಗಸು. ಓಡಾಡಿದ ಜನರೆಲ್ಲ ಕರಗಿ ಮಂಜಾಗಿದ್ದರು. ಇಂಥ ಚಿತ್ರದಲ್ಲಿ ಕದಲಿದವರು ಉಳಿಯುವುದಿಲ್ಲ, ಕದಲದೆ ಕೂತವರು ಮಾತ್ರ ಗಾಜಿಗೆ ಸಿಗುತ್ತಾರೆ. ಹಾಗೆ ಸಿಕ್ಕವಳು ಒಬ್ಬಳಿದ್ದಳು. ಶಿಲ್ಪದ ಬುಡದಲ್ಲಿ, ಎಡ ಮಂಡಿ ಎತ್ತಿ ಅದರ ಮೇಲೆ ಗದ್ದ ಊರಿ, ತಲೆ ತುಂಬ ಸೆರಗು ಹೊದ್ದು. ಬಿಳಿ ಮತಾಪಿನ ಬೆಳಕು ಅವಳ ಮುಖಕ್ಕೆ ಬಿದ್ದಿತ್ತು.

"ಯಾರಿದು? ನಾನು ಆಕಾಶ ನೋಡ್ತಿದ್ದೆ, ಗಮನಿಸಲಿಲ್ಲ" ಎಂದರು ನಮ್ಮವರು.

ನನಗೆ ಗೊತ್ತಾಯಿತು. ಹಾಗೆ ಮಂಡಿಯ ಮೇಲೆ ಗದ್ದ ಊರಿ ಕೂರುವವಳು ಊರಿಗೆಲ್ಲ ಒಬ್ಬಳೇ.

ನನ್ನ ಬಾಯಿಗೆ ಬೀಗವಿಲ್ಲ, ಅದು ನನಗೂ ಗೊತ್ತು. ಮರುದಿನ ಬೆಳಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಬರುವಾಗ ಕಾರಂಜಿಯ ಕಡೆಗೆ ಸುತ್ತಿಕೊಂಡು ಹೋದೆ. ಎರಡು ಮೊಳ ಮಲ್ಲಿಗೆ ಕೇಳಿ, "ಕಳ್ಳೀ, ನೀನೂ ಚಿತ್ರದಲ್ಲಿ ಬಂದ್ಬುಟ್ಟಿದ್ದೀಯ ಕಣಮ್ಮ" ಎಂದು ಚುಡಾಯಿಸಿದೆ.

ಬೋರಮ್ಮನ ಕೈಯಿಂದ ಹೂವಿನ ದಂಡೆ ಜಾರಿ ಮಣ್ಣಿಗೆ ಬಿತ್ತು. ಅವಳ ಮುಖದಲ್ಲಿ ರಕ್ತವೇ ಇಲ್ಲ. ಹೂವಿನ ಪುಟ್ಟಿಯನ್ನು ಹಾಗೆಯೇ ಬಿಟ್ಟು ನನ್ನ ಹಿಂದೆ ಮನೆಗೆ ಬಂದಳು. ಜಗಲಿಯಲ್ಲಿ ಕೂತವಳು ಮೊದಲು ಅತ್ತಳು, ಆಮೇಲೆ ಮಾತಾಡಿದಳು.

"ಹದಿನಾಕು ವರ್ಸದಿಂದ ಓಯ್ತಾ ಇವ್ನಿ ಕಣಮ್ಮಾರೇ. ಹೂವ ನೋಡಕ್ಕಲ್ಲ. ಕತ್ಲೇಲಿ ಕೂತಿರ್ತೀನಿ, ಡಬ್ ಅಂತದೆ. ಅವ್ರು ಅವ್ರೋ ಇಲ್ವೋ. ಇನ್ನೊಂದು ಡಬ್ ಅಂತದೆ. ಅವ್ರೋ ಇಲ್ವೋ. ಎದೆ ಒಡ್ದೋಯ್ತದೆ ಕಣಮ್ಮಾ. ಒಂದ್ವರ್ಸ ತಡಿನಾರ್ದೆ ಎದ್ದು ಓಗ್ಬುಟ್ಟೆ. ಈ ಕಲ್ಲವ್ವನ ಕಾಲತ್ರ ಕೂತ್ಕೊಂಡ್ರೆ ಅವ್ರು ಕಾಣಿಸ್ತಾರೆ. ಎಲ್ಲಾ ಸುಟ್ಟಾದ್ಮೇಲೆ ಅವ್ರು ಎದ್ದು ನಿಂತ್ಕೊಳ್ಳೋದ ಕಂಡು, ಓಡೋಗಿ ಮನೆ ಸೇರ್ಕತೀನಿ."

"ಅದಕ್ಕೆ ಇಷ್ಟು ಅಳೋದಾ? ನೋಡಿದ್ರೆ ನೋಡಿದೆ ಅನ್ನು."

ಆಗ ಅವಳು ಎರಡು ಮಾತು ಹೇಳಿದಳು. ಒಂದು, ಈ ಸಲ ದಾಸವಾಳಕ್ಕೆ ಬತ್ತಿ ಹಚ್ಚುವಾಗ ಚಿಕ್ಕಣ್ಣನ ಎಡಗೈ ಸುಟ್ಟಿತ್ತು. ಅಂಗೈಯ ಚರ್ಮ ಸುಲಿದುಹೋಗಿತ್ತು. ತಾನು ಹೊಸಿಲು ದಾಟಿದ್ದಕ್ಕೇ ಹೀಗಾಯಿತು ಎಂದು ಅವಳು ನಾಲ್ಕು ರಾತ್ರಿಯಿಂದ ನಿದ್ದೆ ಮಾಡಿರಲಿಲ್ಲ. ಇನ್ನೊಂದು, ಚಿಕ್ಕಣ್ಣನ ಅಣ್ಣ ಕೃಷ್ಣಪ್ಪನ ಕಥೆ. ಹದಿನೆಂಟು ವರ್ಷದ ಹಿಂದೆ ಕೃಷ್ಣಪ್ಪ ಮದ್ದು ಸಿಡಿದು ತೀರಿಕೊಂಡ. ಆ ರಾತ್ರಿ ಅವನ ಹೆಂಡತಿ ಮಂಗಳಮ್ಮ ಬೀದಿಯ ತುದಿಗೆ ಬಂದು ಆಕಾಶ ನೋಡುತ್ತ ನಿಂತಿದ್ದನ್ನು ಯಾರೋ ಕಂಡಿದ್ದರು. ಗಂಡನನ್ನು ತಿಂದವಳು ಎಂದು ಮನೆಯವರೆಲ್ಲ ಸೇರಿ ಅವಳನ್ನು ಕಡಕೊಳದ ಹತ್ತಿರದ ತವರಿಗೆ ಅಟ್ಟಿದರು. ಬಾಗಿಲು ಹಾಕಿದವನು ಚಿಕ್ಕಣ್ಣನೇ. ಅಂದಿನಿಂದ ಅವಳ ಹೆಸರನ್ನೇ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

"ನನ್ನೂ ಅಂಗೇ ಅಂದ್ಬುಟ್ರೆ ನಾನೆಲ್ಲಿಗೆ ಓಗ್ಲಿ ಅಮ್ಮಾ? ನನಗೆ ತವ್ರು ಮನೇನೂ ಇಲ್ಲ. ನನ್ನ ಅಳಿಸ್ಬುಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಚಿತ್ರದಿಂದ ನನ್ನ ಅಳಿಸ್ಬುಡಿ."

ನಾನು ಅವಳ ಕೈ ಹಿಡಿದುಕೊಂಡೆ. ನನಗೂ ಕಣ್ಣು ತುಂಬಿ ಬಂತು. ಒಳಗಿನಿಂದ ನಮ್ಮವರು ಕೇಳಿಸಿಕೊಳ್ಳುತ್ತಿದ್ದರೆಂದು ಗೊತ್ತಿತ್ತು. ಬೋರಮ್ಮನಿಗೆ ನೀರು ಕೊಟ್ಟು ಕೂರಿಸಿ ಒಳಗೆ ಹೋಗಿ, "ಗಾಜಿನ ಮೇಲಿಂದಲೇ ಕೆರೆದುಬಿಡಿ" ಎಂದೆ.

"ಆಗಲ್ಲ."

"ಒಬ್ಬ ಹೆಂಗಸಿನ ಬಾಳಿಗಿಂತ ನಿಮ್ಮ ಗಾಜು ದೊಡ್ಡದಾ?"

"ಅಲ್ಲ. ಆದ್ರೂ ಆಗಲ್ಲ. ಅವಳು ಅಲ್ಲಿದ್ದಳು, ಇನ್ನಾಸಮ್ಮ." ಆಮೇಲೆ, "ಕಾಗದ ನಿನ್ನದು. ನಾನು ಆ ಕಡೆ ನೋಡಲ್ಲ" ಎಂದರು. ಹೇಳಿದ ಹಾಗೆಯೇ ಬೆನ್ನು ತಿರುಗಿಸಿ ಕೂತರು. ಅಂಥ ಮೊಂಡು ಮನುಷ್ಯ.

ನಾನು ಜಗಲಿಗೆ ಬಂದು, ತೆಳುವಾದ ಕಪ್ಪು ಕಲೆಸಿ, ಬೋರಮ್ಮನ ಎದುರಿಗೇ ಬೋರಮ್ಮನನ್ನು ಅಳಿಸಿದೆ. ಮೊದಲು ಮಂಡಿ, ಆಮೇಲೆ ಸೆರಗು, ಕೊನೆಗೆ ಆ ಮೇಲೆತ್ತಿದ ಮುಖ. ತನ್ನ ಮುಖ ಕತ್ತಲಾಗುವುದನ್ನು ಅವಳು ಉಸಿರಾಡದೆ ನೋಡುತ್ತಿದ್ದಳು. ಎಷ್ಟೋ ಜನರ ಕಲೆ ಅಳಿಸಿದ್ದೆ, ಒಬ್ಬಳನ್ನು ಇಡಿಯಾಗಿ ಅಳಿಸಿದ್ದು ಅದೇ ಮೊದಲು.

ಆಮೇಲೆ ಕೆಂಪು ಕಲೆಸಿದೆ. "ಈಗ ನೀನೇ ಹೇಳಬೇಕು. ನಮ್ಮನೆ ಮಹರಾಯರಿಗೆ ಕೆಂಪು ಅನ್ನೋದು ಬಿಟ್ಟು ಬೇರೆ ಮಾತು ಬರಲ್ಲ. ದಾಸವಾಳ ಹೇಗೆ ಅರಳುತ್ತೆ?"

ಬೋರಮ್ಮ ಕಣ್ಣೊರೆಸಿಕೊಂಡಳು. ನಿಧಾನವಾಗಿ ಅವಳ ಮುಖ ತಿಳಿಯಾಯಿತು. ಹದಿನಾಲ್ಕು ವರ್ಷ ಯಾರಿಗೂ ಹೇಳದೆ ಎದೆಯಲ್ಲಿಟ್ಟುಕೊಂಡದ್ದನ್ನು ಮೊದಲ ಸಲ ಹೇಳುತ್ತಿದ್ದಳು. ಮೊದಲು ಮೊಗ್ಗಿನಷ್ಟು, ಕತ್ತಲು ತುಂಬಿದ ಕೆಂಪು. ಅದು ಬಿರಿದರೆ ಕಲ್ಲವ್ವನ ಕೆನ್ನೆ ಕೆಂಪಾಗುತ್ತದೆ, ಕೊಡ ಕೆಂಪಾಗುತ್ತದೆ, ಕಾರಂಜಿಯ ನೀರು ಕೆಂಪಾಗುತ್ತದೆ. ಎಸಳುಗಳು ಬಾಗುತ್ತ ಬಾಗುತ್ತ ದಾಳಿಂಬೆ ಹೂವಿನ ಬಣ್ಣಕ್ಕೆ ತಿರುಗಿ ಆರುತ್ತವೆ. ಅವಳು ಹೇಳುತ್ತ ಹೋದಳು, ನನ್ನ ಕುಂಚ ಹಿಂದೆ ಹಿಂದೆಯೇ ನಡೆಯಿತು.

"ಅಷ್ಟೇನಾ?"

"ಇಲ್ಲ. ಎಲ್ಲಾ ಮುಗೀತು ಅಂತ ಜನ ಎದ್ದು ಓಯ್ತಾರಲ್ಲ, ಆಗ ಒಂದು ಎಸ್ಳು ಬತ್ತದೆ. ಒಂದೇ ಒಂದು. ತಡವಾಗಿ. ಮೇಲಿಂದ ಮೆಲ್ಲಗೆ ಉದ್ರಿ, ಕಲ್ಲವ್ವ ಚಾಚಿದ ಕೈ ಮೇಲಕ್ಕೇ ಬಂದಂಗೆ ಬಂದು ಆರ್‍ತದೆ."

ಆ ಎಸಳನ್ನೂ ಬರೆದೆ.

ಭಾನುವಾರ ಗಂಡ ಹೆಂಡತಿ ಇಬ್ಬರೂ ಬಂದರು. ಚಿಕ್ಕಣ್ಣನ ಎಡಗೈಗೆ ಬಟ್ಟೆ ಸುತ್ತಿತ್ತು. ಬೋರಮ್ಮ ಬಾಗಿಲ ಹತ್ತಿರವೇ ನಿಂತಳು, ಮೊದಲ ಸಲ ನೋಡುವವಳ ಹಾಗೆ ನಟಿಸಬೇಕಲ್ಲ. ನಮ್ಮವರು ಮೊದಲೇ ಹೇಳಿಬಿಟ್ಟರು: "ಚಿಕ್ಕಣ್ಣ, ಪ್ಲೇಟಿಗೆ ಕೆಂಪು ಬೀಳಲ್ಲ. ನಾನು ಮರೆತೆ, ತಪ್ಪು ನನ್ನದು. ದಾಸವಾಳ ಮಾತ್ರ ಇವಳು ಬರೆದದ್ದು."

ಚಿಕ್ಕಣ್ಣ ಚಿತ್ರವನ್ನು ಬಲಗೈಯಲ್ಲಿ ಹಿಡಿದು ಬೆಳಕಿಗೆ ನಡೆದ. "ಅದೇಯ. ಅದೇ ಕೆಂಪು" ಎಂದ. ಆಮೇಲೆ ಅವನ ಬೆರಳು ಕಾಗದದ ಮೇಲೆ ಇಳಿಯುತ್ತ ಬಂದು ಕಲ್ಲು ಹೆಂಗಸಿನ ಅಂಗೈಯ ಮೇಲೆ ನಿಂತಿತು.

"ಈ ಎಸ್ಳು ಯಾರು ಹೇಳುದ್ರು?"

ನಾನು ಬಾಯಿ ತೆರೆದೆ. ಬೀಗವಿಲ್ಲದ ಬಾಯಲ್ಲಿ ಒಂದು ಮಾತೂ ಬರಲಿಲ್ಲ.

"ಇದು ಯಾರ್ಗೂ ಗೊತ್ತಿಲ್ಲ. ಮೊದ್ಲ ವರ್ಸ ಒಂದು ಚಿಟಿಕೆ ಮದ್ದು ಹಸಿಯಾಗಿತ್ತು, ತಡವಾಗಿ ಹತ್ಕೊಂತು. ಚೆಂದಾಗೈತೆ ಅಂತ ಆಮ್ಯಾಕೆ ಬೇಕಂತ್ಲೇ ಹಾಕ್ತಾ ಬಂದೆ. ಅಷ್ಟೊತ್ತಿಗೆ ಜನ ಬೆನ್ನು ತಿರುಗ್ಸಿರ್ತಾರೆ. ಒಬ್ರೂ ನೋಡಿಲ್ಲ ಅನ್ಕೊಂಡಿದ್ದೆ. ಅಮಲದಾಸಪ್ಪೋರೇ, ನೀವು ನೋಡುದ್ರಾ?"

ಹೌದು ಎಂದುಬಿಟ್ಟರೆ ಸಾಕಿತ್ತು. ಒಂದೇ ಒಂದು ಸುಳ್ಳು. ನಾನು ಕಣ್ಣಲ್ಲೇ ಬೇಡಿಕೊಂಡೆ. ನಮ್ಮವರು ನೆಲ ನೋಡುತ್ತ, "ನಾನು ಆಗಲೇ ಮುಚ್ಚಳ ಹಾಕಿದ್ದೆ ಚಿಕ್ಕಣ್ಣ" ಎಂದರು.

ಅಯ್ಯೋ ದೇವರೇ, ಈ ಮನುಷ್ಯನ ಸತ್ಯಕ್ಕಿಷ್ಟು ಬೆಂಕಿ ಹಾಕ, ಎಂದುಕೊಂಡೆ.

"ನಾನ್ ನೋಡ್ದೆ" ಎಂದಳು ಬೋರಮ್ಮ ಬಾಗಿಲಿನಿಂದ. ಅವಳ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ಇವರು ಯಾರೂ ಅಲ್ಲ. ನಾನೇ ಹೇಳಿದ್ದು. ಕಲ್ಲವ್ವನ ಬುಡದಲ್ಲಿ ಕೂತ್ಕೊಂಡು ನೋಡಿವ್ನಿ. ನೀವು ಎದ್ದು ನಿಲ್ಲೋಗಂಟ ನಂಗೆ ಅಲ್ಲಿಂದ ಕಣ್ಣು ಕೀಳಕ್ಕಾಗಕ್ಕಿಲ್ಲ. ಅದ್ಕೇ ಅದು ಕಂಡಿದ್ದು."

ಚಿಕ್ಕಣ್ಣ ತಿರುಗಿದ. "ಈ ವರ್ಸವಾ?"

"ಎಲ್ಲಾ ವರ್ಸನೂ."

"ಎಷ್ಟು?"

"ಹದಿನಾಕು."

ಅವನು ಬಟ್ಟೆ ಸುತ್ತಿದ ಕೈಯನ್ನು ನೋಡಿಕೊಂಡ. ಬೋರಮ್ಮ ಕಣ್ಣು ಮುಚ್ಚಿದಳು. ಇನ್ನೇನು ಆ ಮಾತು ಬರುತ್ತದೆ ಎಂದು ನಾನು ಅವಳ ಪಕ್ಕಕ್ಕೆ ಹೋಗಿ ನಿಂತೆ. ಹೊರಗೆ ತಳ್ಳಿದರೆ ನಮ್ಮ ಮನೆಯಲ್ಲಿ ಇರಲಿ ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಿದ್ದೆ.

"ಹದಿಮೂರು ವರ್ಸ ನೀನು ಬಂದಿದ್ದೆ. ಹದಿಮೂರು ವರ್ಸ ನಂಗೇನೂ ಆಗಿಲ್ಲ" ಎಂದು ಚಿಕ್ಕಣ್ಣ ಒಂದೊಂದೇ ಮಾತು ಹುಡುಕುತ್ತ ಹೇಳಿದ. "ಈ ಸಲ ಬತ್ತಿ ಮೋಟಾಗಿತ್ತು. ನಾನೇ ಕೊಯ್ದಿದ್ದು. ನಂಗೆ ಗೊತ್ತಿತ್ತು."

ಆಮೇಲೆ ಅವನ ತುಟಿ ಅದುರತೊಡಗಿತು.

"ಹಂಗಾದ್ರೆ ಅತ್ಗೆ..." ಎಂದ. ಅಷ್ಟೇ ಬಂದದ್ದು. ಜಗಲಿಯ ಮೇಲೆ ಕುಕ್ಕರಿಸಿ, ಐವತ್ತು ದಾಟಿದ ಗಂಡಸು, ಚಿತ್ರವನ್ನು ಎದೆಗೊತ್ತಿಕೊಂಡು ಮಕ್ಕಳ ಹಾಗೆ ಅತ್ತ. "ಅಣ್ಣನ ಬತ್ತೀನೂ ನಾನೇ ಕೊಯ್ದಿದ್ದೆ ಕಣೇ ಬೋರೀ. ಅತ್ಗೆ ಮ್ಯಾಲೆ ಹಾಕ್ಬುಟ್ಟೆ."

ಬೋರಮ್ಮ ಹೋಗಿ ಅವನ ತಲೆಯ ಮೇಲೆ ಕೈಯಿಟ್ಟಳು. ನಾವಿಬ್ಬರೂ ಒಳಗೆ ಹೋದೆವು.

ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಣ್ಣ ನನ್ನನ್ನು ಕರೆದ. ಬೋರಮ್ಮ ಅಳಿಸಿದ ಸಂಗತಿಯನ್ನೂ ಹೇಳಿಬಿಟ್ಟಿದ್ದಳು, ಅವನಿಗೆ ಈಗ ಚಿತ್ರದಲ್ಲಿ ಅವಳು ಬೇಕಾಗಿತ್ತು. ಅಳಿಸಿದ್ದನ್ನು ತಿರುಗಿ ತರುವುದು ನನ್ನ ಕುಂಚದಿಂದ ಆಗದ ಕೆಲಸ. ನಮ್ಮವರು ಕತ್ತಲೆಕೋಣೆಯಿಂದ ಗಾಜನ್ನು ತಂದು ಬಿಸಿಲಿಗೆ ಹಿಡಿದರು. ಅವಳು ಅಲ್ಲೇ ಇದ್ದಳು. ಗದ್ದ ಊರಿ, ಮುಖ ಮೇಲೆತ್ತಿ. ಆ ಹೊತ್ತಿನಲ್ಲಿ ನನ್ನ ಗಂಡನ ಮೊಂಡುತನದ ಮೇಲೆ ನನಗೆ ಬಂದ ಪ್ರೀತಿ ಇಷ್ಟು ಎಂದು ಹೇಳಲಾರೆ. ಅವರಿಗೆ ಅದನ್ನು ಹೇಳಲೂ ಇಲ್ಲ. "ಕಾಫಿ ಆರಿಹೋಗ್ತಿದೆ, ಕುಡೀರಿ" ಎಂದೆ.

"ಇವ್ಳಿರೋ ಚಿತ್ರ ಎರಡು ಬೇಕು ಸ್ವಾಮಿ" ಎಂದ ಚಿಕ್ಕಣ್ಣ. ಎರಡನೆಯದು ಯಾರಿಗೆಂದು ನಾವು ಕೇಳಲಿಲ್ಲ. ಎರಡಕ್ಕೂ ನಾನು ದಾಸವಾಳ ಬರೆದೆ, ಎಸಳು ಬರೆದೆ. ಎರಡನೆಯದರ ಬೆನ್ನಿಗೆ ಒಂದು ಸಾಲು ಬರೆದುಕೊಡಿ ಎಂದು ಅವನು ನಮ್ಮವರನ್ನು ಕೇಳಿಕೊಂಡ. ಯಾವ ಚಿತ್ರದ ಮೇಲೂ ಹೆಸರು ಕೂಡ ಹಾಕದಿದ್ದ ಮನುಷ್ಯ ಮಸಿಕುಡಿಕೆ ತೆರೆದು ದುಂಡಗೆ ಬರೆದರು: ಅತ್ತಿಗೆ, ತಪ್ಪು ನಿಮ್ಮದಲ್ಲ. ಬತ್ತಿಯದು, ನನ್ನದು. ಚಿಕ್ಕಣ್ಣ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮರುದಿನದ ರೈಲಿಗೆ ಕಡಕೊಳಕ್ಕೆ ಹೋದ.

ಮುಂದಿನ ದಸರೆಗೆ ನಾನೂ ಮೈದಾನಕ್ಕೆ ಹೋದೆ. ಕೈ ವಾಸಿಯಾಗಿ ಚಿಕ್ಕಣ್ಣ ಮತ್ತೆ ಮದ್ದು ಕಟ್ಟಿದ್ದ. ಕಲ್ಲು ಹೆಂಗಸಿನ ಬುಡದಲ್ಲಿ ಬೋರಮ್ಮ ಕೂತಿದ್ದಳು, ಅವಳ ಪಕ್ಕದಲ್ಲಿ ತಲೆ ನೆರೆತ ಇನ್ನೊಬ್ಬ ಹೆಂಗಸು. ಇಬ್ಬರ ಸೆರಗೂ ಹೆಗಲ ಮೇಲಿತ್ತು. ದಾಸವಾಳ ಅರಳಿತು, ಕಲ್ಲಿನ ಕೆನ್ನೆ ಕೆಂಪಾಯಿತು, ಜನ ಹೋ ಎಂದರು, ಎದ್ದರು, ಮಕ್ಕಳನ್ನು ಹೆಗಲಿಗೇರಿಸಿಕೊಂಡು ಹೊರಟರು. ಅವರಿಬ್ಬರು ಏಳಲಿಲ್ಲ.

ಕ್ಯಾಮರಾದ ಪಕ್ಕದಲ್ಲಿ ನಮ್ಮವರು ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು. ಜೇಬಿನಲ್ಲಿ ಮಣಿ ಸರಿಯುವ ಸದ್ದು ಕೇಳಿಸುತ್ತಿತ್ತು.

"ಕೆಂಪು ಬೀಳಲ್ಲ ಅಂತ ಗೊತ್ತಲ್ರೀ, ಮುಚ್ಚಬಾರ್ದಾ?" ಎಂದೆ.

"ಇರು" ಎಂದರು. "ಇನ್ನೂ ಒಂದಿದೆ."